ಮೂರು ಮಳೆಗಾಲದ ನಂತರ ಉರಿದ ನನ್ನ 407ರ ಮೀಟರ್ ಲೈಟು

ಮೂರು ಮಳೆಗಾಲ ನನ್ನ ಟಾಟಾ 407 ಲಾರಿಯ ಮೀಟರ್ ಬೋರ್ಡು ಕತ್ತಲಲ್ಲೇ ಇತ್ತು. ರಾತ್ರಿ ಕೆಂಪುಕಲ್ಲಿನ ಲೋಡು ಇಟ್ಟುಕೊಂಡು ಕಾಸರಗೋಡು ಕಡೆಯ ಸೀತಾಂಗೋಳಿಯಿಂದ ಕುಂಬಳೆಗೆ ಇಳಿಯುವಾಗ ಒಂದು ಕೈಯಲ್ಲಿ ಮೊಬೈಲ್ ಟಾರ್ಚು ಹಿಡಿದು ಟೆಂಪರೇಚರ್ ಮುಳ್ಳು ನೋಡಬೇಕಿತ್ತು. ಮೂವರು ಎಲೆಕ್ಟ್ರೀಷಿಯನ್ನರಿಗೆ ತೋರಿಸಿದೆ. ಒಬ್ಬರು ಎರಡು ಸಲ ಬಲ್ಬು ಬದಲಿಸಿದರು. ಇನ್ನೊಬ್ಬರು ವೈರಿಂಗ್ ಪೂರ್ತಿ ಹೊಸತು ಹಾಕಬೇಕು, ನಾಲ್ಕು ಸಾವಿರ ಎಂದರು. ಮೂರನೆಯವರು, “ಇದು ಸರಿ ಆಗ್ಲಿಕ್ಕಿಲ್ಲ ಮಾರಾಯ್ರೆ, ಬೋರ್ಡೇ ಬದಲಿಸಿ” ಎಂದು ಆರೂವರೆ ಸಾವಿರದ ಲೆಕ್ಕ ಕೊಟ್ಟರು. ಕೊನೆಗೆ ನಾನೇ ಕೈ ಹಾಕಿದೆ. ಖರ್ಚಾದದ್ದು ಏಳೆಂಟು ನೂರು, ಅದರಲ್ಲೂ ಅರ್ಧ ನನ್ನ ತಪ್ಪುಗಳಿಗೆ.

ಸುಳಿವು ಕೊಟ್ಟದ್ದು ಸ್ಟಾಪ್ ನಾಬು. ಒಂದು ರಾತ್ರಿ ಮನೆ ಅಂಗಳದಲ್ಲಿ ಲೈಟು ಆರಿಸದೆಯೇ ಎಂಜಿನ್ ಬಂದ್ ಮಾಡಲು ಅದನ್ನು ಎಳೆದೆ. ಎಳೆದ ಕ್ಷಣ ಮೀಟರ್ ಲೈಟು ಝಗ್ಗನೆ ಹೊತ್ತಿ ಆರಿತು. ಮತ್ತೆ ಎಳೆದೆ, ಮತ್ತೆ ಹೊತ್ತಿತು. ಸ್ಟಾಪ್ ಕೇಬಲ್ಲಿನ ಇನ್ನೊಂದು ತುದಿ ಇರುವುದು ಎಂಜಿನ್ ಮೇಲೆ, ಎಂಜಿನ್ನಿಗೆ ಬ್ಯಾಟರಿ ನೆಗೆಟಿವ್ ಸೇರಿದೆ. ಅಂದರೆ ಬೋರ್ಡಿಗೆ ಅರ್ತ್ (ಕರೆಂಟು ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ) ಇಲ್ಲ, ಕೇಬಲ್ಲಿನ ಉಕ್ಕು ಪ್ಯಾನೆಲ್ಲಿಗೆ ತಾಗಿದಾಗ ಮಾತ್ರ ಸಿಗುತ್ತಿದೆ. ಇಂಡಿಕೇಟರ್ ಹಾಕಿದರೆ ಮೀಟರ್ ಲೈಟು ಅದರ ತಾಳಕ್ಕೆ ಮಸುಕಾಗಿ ಮಿಣುಕುತ್ತಿದ್ದುದು, ಹೆಡ್‌ಲೈಟ್ ಹಾಕಿದಾಗ ಡೀಸೆಲ್ ಮುಳ್ಳು ಜಿಗಿಯುತ್ತಿದ್ದುದು, ಎಲ್ಲದಕ್ಕೂ ಕಾರಣ ಅಲ್ಲೇ ಹೊಳೆಯಿತು. ಮರುದಿನ ಗ್ಯಾರೇಜಿನಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಲೈಟು ಹಾಕಿಟ್ಟು, ಡ್ಯಾಶಿನ ಅಡಿಯಿಂದ ಕೈ ತೂರಿಸಿ, ಮೀಟರಿನ ಲೋಹದ ಮೈಗೂ ಬ್ಯಾಟರಿ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿದೆ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ ಎಂಟು ವೋಲ್ಟ್ ತೋರಿಸಿತು.

ಕಾರಣ ಪೇಂಟು. ಗಾಡಿ ತೆಗೆದುಕೊಂಡ ವರ್ಷ ಫಿಟ್‌ನೆಸ್ಸಿಗೆ ಮೊದಲು ಕ್ಯಾಬಿನ್ ಒಳಗೆಲ್ಲ ದಪ್ಪ ಎನಾಮೆಲ್ ಹೊಡೆಸಿದ್ದೆ. ಪೇಂಟರು ಮೀಟರು ಬಿಚ್ಚಿಟ್ಟು ಪ್ಯಾನೆಲ್ಲಿನ ಹಿಂದೆ ಮುಂದೆ ಎರಡೂ ಕಡೆ ಬಳಿದರು, ನಾಬುಗಳನ್ನು ಬಿಚ್ಚದೆ ಅವುಗಳ ಸುತ್ತ ಬ್ರಷ್ ಆಡಿಸಿದರು. ಹಾಗಾಗಿ, ಪೇಂಟು ಕರೆಂಟು ಬಿಡದೆ ಅರ್ತ್ ಹೋಯಿತು, ನಾಬೂ ಅಂಟಿಕೊಂಡಿತು. ಪ್ಯಾನೆಲ್ ಹೊರಗೆ ಬರಬೇಕಾದರೆ ಸ್ವಿಚ್ಚಿನ ರಿಂಗ್ ನಟ್ಟು ಬಿಚ್ಚಬೇಕು, ಅದು ನಾಬಿನ ಅಡಿಯಲ್ಲಿದೆ.

ನನ್ನ ಗಾಡಿಯಲ್ಲಿ ಹಿಂದಿನ ಯಜಮಾನರು ಮೂಲ ಲೈಟ್ ಸ್ವಿಚ್ ತೆಗೆದು ಜೀಪಿನ ಎಳೆಯುವ ಸ್ವಿಚ್ಚು ಕೂರಿಸಿದ್ದರು. ಅದರ ನಾಬನ್ನು ಬಟ್ಟೆ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದೆ. ಬೇಕಲೈಟು ಎಂಬ ಗಟ್ಟಿ ಪ್ಲಾಸ್ಟಿಕ್, ಟಪ್ಪೆಂದು ಎರಡು ಹೋಳಾಯಿತು. ಬುದ್ಧಿ ಬರಲಿಲ್ಲ, ವೈಪರ್ ನಾಬನ್ನೂ ಹಾಗೇ ಒಡೆದೆ. ಉಪ್ಪಳದ ಗುಜರಿಯಲ್ಲಿ ನಾಬು ಕಚ್ಚಿಕೊಂಡೇ ಇದ್ದ ಹಳೇ ಸ್ವಿಚ್ಚುಗಳು ಸಿಕ್ಕಿದವು, ಎರಡಕ್ಕೆ ಸುಮಾರು ನೂರೈವತ್ತು ಕೊಟ್ಟೆ. ಅವನ್ನು ಮೇಜಿನ ಮೇಲಿಟ್ಟು ಕಲಿತೆ.

ಲೈಟಿನ ನಾಬಿನ ಅಡಿಮುಖದಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಇದೆ, ಅದರೊಳಗೆ ಗ್ರಬ್ ಸ್ಕ್ರೂ, ಅಂದರೆ ತಲೆ ಇಲ್ಲದ ಪುಟ್ಟ ಸ್ಕ್ರೂ. ಮೊದಲು ಹೊಲಿಗೆ ಸೂಜಿಯಿಂದ ಸೀಳಿನೊಳಗಿನ ಕೊಳೆ, ಪೇಂಟು ಕೆದಕಿ ತೆಗೆಯಬೇಕು. ಹಿತ್ತಾಳೆ ಹೊಳಪು ಕಂಡ ಮೇಲೆ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ಮೇಲೆ ಎರಡು ನಿಮಿಷ ಇಡಬೇಕು. ಬಿಸಿ ಇರುವಾಗಲೇ ಒಂದು ಹನಿ ಬಿಡಬೇಕು. ಆ ಹನಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಅದು ನಾನು ಕಷ್ಟಪಟ್ಟು ಕಂಡುಕೊಂಡದ್ದು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಅಲ್ಲ ಎಂದಷ್ಟೇ ಹೇಳುತ್ತೇನೆ. ಆಮೇಲೆ ವಾಚಿನ ಸ್ಕ್ರೂ ಡ್ರೈವರಿನಲ್ಲಿ ಕಾಲು ಸುತ್ತು ತಿರುಗಿಸಿದರೆ ನಾಬು ಕೈಗೆ ಬರುತ್ತದೆ. ವೈಪರ್ ನಾಬಿನಲ್ಲಿ ಸ್ಕ್ರೂ ಇಲ್ಲ, ತೂತಿನೊಳಗೆ ಸ್ಪ್ರಿಂಗಿನ ಪಿನ್ನು. ಸೈಕಲ್ ಕಡ್ಡಿಯ ತುದಿ ಉಜ್ಜಿ ಸಣ್ಣ ಮಾಡಿ ಒತ್ತಿದೆ. ಸ್ಟಾಪ್ ನಾಬಿನ ತಂಟೆಗೆ ಹೋಗಬೇಡಿ, ಹಿಂದಿನ ನಟ್ಟು ಸಡಿಲಿಸಿದರೆ ಕೇಬಲ್ ಸಮೇತ ಬರುತ್ತದೆ. ಬದಿಯಡ್ಕದ ಇಬ್ಬರು ಆಮೇಲೆ ತಮ್ಮ ಗಾಡಿ ತಂದರು, ಐದು ನಾಬು ಬಿಚ್ಚಿಕೊಟ್ಟೆ, ಒಂದಕ್ಕೂ ಗೀರು ಬೀಳಲಿಲ್ಲ.

ಬ್ಯಾಟರಿ ಕಳಚದೆ ಕೆಲಸಕ್ಕೆ ಇಳಿದದ್ದು ನನ್ನ ದೊಡ್ಡ ತಪ್ಪು. ರಿಂಗ್ ನಟ್ಟು ತಿರುಗಿಸುವಾಗ ಸ್ಪ್ಯಾನರ್ ಲೈವ್ ಟರ್ಮಿನಲ್ಲಿಗೆ ತಾಗಿ ಕಿಡಿ ಹಾರಿತು, ಒಂದು ಅಡಿ ವೈರು ಕಣ್ಣೆದುರೇ ಹೊಗೆಯಾಡಿ ಕರಗಿತು. ಇನ್ನೂ ನೂರು ರೂಪಾಯಿ ಹೋಯಿತು, ಅರ್ಧ ದಿನದ ಬಾಡಿಗೆಯೂ ಹೋಯಿತು.

ಬಲ್ಬಿನ ಹೋಲ್ಡರುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ, ಕಡಲ ಗಾಳಿ ಬೀಸುವ ಊರಿನಲ್ಲಿ ಹಿತ್ತಾಳೆ ಹಾಗಾಗದೆ ಇರುವುದಿಲ್ಲ. ಹಿತ್ತಲಿನ ಬಿಂಬುಳಿ ಎಂಬ ಹುಳಿ ಕಾಯಿ ಜಜ್ಜಿ ಆ ರಸದಲ್ಲಿ ಹತ್ತು ನಿಮಿಷ ನೆನೆಸಿದೆ, ಚಿನ್ನದ ಹಾಗೆ ಹೊಳೆದವು. ಆದರೆ ಸರಿಯಾಗಿ ತೊಳೆಯದೆ ಇಟ್ಟದ್ದು ಹದಿನೈದೇ ದಿನದಲ್ಲಿ ಮತ್ತೆ ಹಸಿರಾಯಿತು. ಎರಡನೇ ಸಲ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿದೆ.

ಅರ್ತಿಗೆ ಪ್ಯಾನೆಲ್ಲನ್ನು ನಂಬಲಿಲ್ಲ. ಪ್ರತಿ ಮೀಟರಿನ ಹಿಂದಿನ ಬೋಲ್ಟಿನಿಂದ ಒಂದೊಂದು ವೈರು ತಂದು ಒಟ್ಟುಗೂಡಿಸಿ, ಅಲ್ಲಿಂದ ದಪ್ಪ ವೈರೊಂದನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಎಳೆದೆ. ಒಂದೂವರೆ ಮೀಟರಿನಷ್ಟು ಬೇಕಾಯಿತು. ಈಗ ಅದೇ ಜಾಗದಲ್ಲಿ ಅಳೆದರೆ ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಇಲ್ಲ.

ಹುಮ್ಮಸ್ಸಿನಲ್ಲಿ ಎಲ್ಲ ಬಲ್ಬೂ ಎಲ್‌ಇಡಿ ಮಾಡಿದೆ, ಹತ್ತಕ್ಕೆ ಇನ್ನೂರೈವತ್ತು. ಉರಿಯದೆ ಇದ್ದರೆ ತಿರುಗಿಸಿ ಹಾಕಿ, ಪ್ಲಸ್ ಮೈನಸ್ ಅದಲುಬದಲಾಗಿರುತ್ತದೆ. ಆದರೆ ಚಾರ್ಜಿಂಗ್ ಲೈಟಿಗೆ ಮಾತ್ರ ಹಾಕಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಎಬ್ಬಿಸುವ ಕರೆಂಟು ಆ ಬಲ್ಬಿನ ಮೂಲಕವೇ ಹೋಗುವುದು. ಎಲ್‌ಇಡಿ ಸಾಕಷ್ಟು ಬಿಡುವುದಿಲ್ಲ, ಚೆನ್ನಾಗಿ ರೇಸ್ ಕೊಡುವ ತನಕ ಚಾರ್ಜೇ ಆಗದು. ಎರಡು ದಿನ ಸಣ್ಣ ಟ್ರಿಪ್ಪು ಹೊಡೆದು ಮೂರನೇ ದಿನ ಬೆಳಗ್ಗೆ ಐದಕ್ಕೆ ಕಲ್ಲಿನ ಕೋರೆಯಲ್ಲಿ ಗಾಡಿ ಸ್ಟಾರ್ಟಾಗದೆ ನಿಂತಿತು, ನಾಲ್ಕು ಜನ ಸೇರಿ ತಳ್ಳಬೇಕಾಯಿತು. ಅಲ್ಲಿಗೆ ಹಳೇ 2 ವ್ಯಾಟಿನ ತಂತಿ ಬಲ್ಬನ್ನೇ ಮತ್ತೆ ಹಾಕಿದೆ.

ಕೆಲಸ ಮುಗಿದದ್ದು ಮೇ ಕೊನೆಗೆ. ಆಟಿ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಮಳೆ ಸುರಿಯಿತು, ತಲಪಾಡಿ ದಾಟಿ ಮಂಗಳೂರಿಗೆ ವಾರಕ್ಕೆ ನಾಲ್ಕು ರಾತ್ರಿ ಓಡಿದೆ. ಒಂದು ಬಲ್ಬೂ ಮಿಣುಕಲಿಲ್ಲ, ಡೀಸೆಲ್ ಮುಳ್ಳು ನಿಂತಲ್ಲೇ ನಿಲ್ಲುತ್ತದೆ.