ಹುಳುಕಿನಲ್ಲಿ ಹುಳವಿಲ್ಲ

ಹಲ್ಲಿಗೆ ಹುಳ ಹಿಡಿದಿದೆ ಎನ್ನುತ್ತೇವೆ. ಹುಳುಕು ಎಂಬ ಹೆಸರಿನಲ್ಲೇ ಹುಳ ಕೂತಿದೆ. ಆದರೆ ಹುಳುಕು ಹಲ್ಲನ್ನು ಎಷ್ಟು ಕೆದಕಿದರೂ ಒಂದು ಹುಳವೂ ಸಿಗದು. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರ ತನ್ನ ಪುಸ್ತಕದಲ್ಲೇ ಈ ಹುಳದ ಮಾತನ್ನು ತಳ್ಳಿಹಾಕಿದ್ದ. ಆದರೂ ಹುಳ ಸಾಯಲಿ ಎಂದು ಹಲ್ಲಿನೊಳಗೆ ಏನೇನೋ ಬಿಟ್ಟುಕೊಳ್ಳುವವರು ಇವತ್ತಿಗೂ ಇದ್ದಾರೆ. ಅದರಿಂದ ವಸಡು ಸುಡುತ್ತದೆ, ಹುಳುಕು ತನ್ನ ಪಾಡಿಗೆ ಒಳಗೆ ಇಳಿಯುತ್ತಲೇ ಇರುತ್ತದೆ.

ಹಾಗಾದರೆ ನಡೆಯುವುದೇನು? ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆಯನ್ನು ಹಲ್ಲಿನ ಬುಡದ ಮೇಲೆ ಆಡಿಸಿ ನೋಡಿ. ಲೋಳೆಲೋಳೆಯಾಗಿ, ತೆಳುವಾಗಿ ಏನೋ ಅಂಟಿರುತ್ತದೆ. ಅದೇ ಹಲ್ಲಿನ ಪಾಚಿ. ಅದರ ತುಂಬ ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿಯಿತೆಂದರೆ ಹಲ್ಲಿನ ಮೇಲ್ಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಎನಾಮೆಲ್ ನಮ್ಮ ಮೈಯಲ್ಲೆಲ್ಲ ಅತಿ ಗಟ್ಟಿಯಾದದ್ದು, ಮೂಳೆಗಿಂತಲೂ ಗಟ್ಟಿ, ಆದರೆ ಆಮ್ಲದ ಮುಂದೆ ಆ ಗಟ್ಟಿತನ ನಡೆಯುವುದಿಲ್ಲ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಇದು ಶುರು. ಎಂಜಲು ಬಂದು ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಮತ್ತೆ ಹಲ್ಲಿಗೆ ತುಂಬಿಸಲು ಅರ್ಧ ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

ಎಲ್ಲರೂ ತಪ್ಪುವುದು ಇಲ್ಲಿಯೇ. ಎಷ್ಟು ಸಿಹಿ ತಿಂದೆವು ಎಂದು ಲೆಕ್ಕ ಹಾಕುತ್ತೇವೆ, ಎಷ್ಟು ಸಲ ತಿಂದೆವು ಎಂದು ಯಾರೂ ಎಣಿಸುವುದಿಲ್ಲ. ಸಕ್ಕರೆ ಹಾಕಿದ ಒಂದು ಲೋಟ ಪಾನೀಯವನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದು ಮುಗಿಸಿದರೆ ಹಲ್ಲಿಗೆ ಒಂದೇ ಪೆಟ್ಟು. ಅದೇ ಲೋಟವನ್ನು ಮೇಜಿನ ಮೇಲಿಟ್ಟುಕೊಂಡು ಎರಡು ಗಂಟೆ ಗುಟುಕು ಗುಟುಕಾಗಿ ಹೀರಿದರೆ ಎಂಜಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ. ಸಕ್ಕರೆ ಅಷ್ಟೇ, ಹಾನಿ ಹಲವು ಪಟ್ಟು. ಆದ್ದರಿಂದ ಮಕ್ಕಳಿಗೆ ಸಿಹಿಯನ್ನು ಪೂರಾ ನಿಲ್ಲಿಸಲಾಗದಿದ್ದರೆ ಊಟದ ಜೊತೆಗೇ ಕೊಟ್ಟು ಮುಗಿಸಿ, ಆಗ ಎಂಜಲೂ ಹೆಚ್ಚು ಸುರಿಯುತ್ತಿರುತ್ತದೆ. ನಡುನಡುವೆ ನೀರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಬೆರೆಸಿದ ಸಕ್ಕರೆಯನ್ನು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕೆಳಗಿಡಲು ಹೇಳುತ್ತದೆ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಅದು ಸುಮಾರು 25 ಗ್ರಾಂ, ಆರು ಟೀ ಚಮಚ. ಜೇನು, ಬೆಲ್ಲ, ಹಣ್ಣಿನ ರಸ ಇವುಗಳಿಗೆ ಇದರಲ್ಲಿ ವಿನಾಯಿತಿ ಇಲ್ಲ. ಬ್ಯಾಕ್ಟೀರಿಯಾಕ್ಕೆ ಎಲ್ಲವೂ ಒಂದೇ. ಚಾಕೊಲೇಟನ್ನು ಬೈಯುವವರು ಬಿಸ್ಕತ್ತು, ಚಿಪ್ಸ್, ಒಣದ್ರಾಕ್ಷಿಗಳನ್ನು ಮರೆಯುತ್ತಾರೆ. ಚಾಕೊಲೇಟು ಕರಗಿ ಹೋಗುತ್ತದೆ. ಬಿಸ್ಕತ್ತಿನ ಹಿಟ್ಟು ದವಡೆ ಹಲ್ಲಿನ ಗೀರುಗಳಲ್ಲಿ ಗಾರೆಯಂತೆ ಮೆತ್ತಿಕೊಂಡು ಗಂಟೆಗಟ್ಟಲೆ ಕೂರುತ್ತದೆ.

ಹುಳುಕು ಕಪ್ಪು ಬಣ್ಣದಿಂದ ಶುರುವಾಗುತ್ತದೆ ಎಂದು ತಿಳಿದವರೇ ಹೆಚ್ಚು. ಶುರುವಾಗುವುದು ಬಿಳಿಯಿಂದ. ಮಗುವನ್ನು ಬೆಳಕಿಗೆ ಮುಖ ಮಾಡಿ ಮಲಗಿಸಿ. ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೂಗಿನ ಕಡೆಗೆ ಎತ್ತಿ, ಮೆತ್ತನೆಯ ಒಣ ಬಟ್ಟೆಯಿಂದ ಮುಂದಿನ ನಾಲ್ಕು ಹಲ್ಲುಗಳನ್ನು ಒರೆಸಿ. ಒದ್ದೆ ಹಲ್ಲಿನಲ್ಲಿ ಕಾಣದ್ದು ಒಣಗಿದ ಮೇಲೆ ಕಾಣುತ್ತದೆ. ವಸಡಿಗೆ ಹೊಂದಿಕೊಂಡಂತೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ, ಹೊಳಪಿಲ್ಲದ ಬಿಳಿ ಪಟ್ಟಿ ಇದ್ದರೆ ಅದೇ ಹುಳುಕಿನ ಮೊದಲ ಹೆಜ್ಜೆ. ಅಲ್ಲಿ ಇನ್ನೂ ಗುಂಡಿ ಬಿದ್ದಿಲ್ಲ, ಒಳಗಿನ ಖನಿಜ ಮಾತ್ರ ಹೋಗಿದೆ. ಹೋದ ಖನಿಜ ಹಲ್ಲಿಗೆ ಮರಳಲು ನೆರವಾಗುವ ಫ್ಲೋರೈಡ್ ಇರುವ ಪೇಸ್ಟಿನಿಂದ ಸರಿಯಾಗಿ ಉಜ್ಜಿ, ಸಿಹಿಯ ಸರದಿಗಳನ್ನು ಕಡಿಮೆ ಮಾಡಿ, ವೈದ್ಯರ ಹತ್ತಿರ ಫ್ಲೋರೈಡ್ ವಾರ್ನಿಷ್ ಹಚ್ಚಿಸಿದರೆ ಆ ಪಟ್ಟಿ ಮತ್ತೆ ಗಟ್ಟಿಯಾಗಬಹುದು. ಗುಂಡಿ ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ಮುಚ್ಚಿಕೊಡುವುದಿಲ್ಲ. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ, ಆದರೆ ನೋಡುವವರು ಬಹಳ ಕಡಿಮೆ.

ಎಳೆಯ ಮಕ್ಕಳಲ್ಲಿ ಮೊದಲು ಕೆಡುವುದು ಮೇಲಿನ ಮುಂದಿನ ಹಲ್ಲುಗಳೇ. ಕೆಳಗಿನವು ಚೆನ್ನಾಗಿಯೇ ಇರುತ್ತವೆ, ಏಕೆಂದರೆ ಬಾಟಲಿ ಚೀಪುವಾಗ ಅವನ್ನು ನಾಲಿಗೆ ಮುಚ್ಚಿರುತ್ತದೆ, ಎಂಜಲೂ ಅಲ್ಲೇ ನಿಂತಿರುತ್ತದೆ. ಮೇಲಿನವು ಕಪ್ಪಾಗಿ ಮೊಂಡಾಗಿ, ಕೆಳಗಿನವು ಬೆಳ್ಳಗಿದ್ದರೆ ರಾತ್ರಿಯ ಬಾಟಲಿಯ ಮೇಲೇ ಅನುಮಾನ ಪಡಿ. ನಿದ್ದೆಯಲ್ಲಿ ಎಂಜಲು ಬಹುತೇಕ ನಿಂತೇಹೋಗಿರುತ್ತದೆ, ಬಾಯಲ್ಲಿ ಉಳಿದ ಸಿಹಿ ಹಾಲು ರಾತ್ರಿಯಿಡೀ ಹಲ್ಲಿಗೆ ಮೆತ್ತಿರುತ್ತದೆ. ಬಾಟಲಿ ಇಲ್ಲದೆ ಮಲಗದ ಮಗುವಾದರೆ ಒಂದೇ ದಿನ ಕಿತ್ತುಕೊಳ್ಳಬೇಡಿ. ದಿನಕ್ಕಿಷ್ಟು ನೀರು ಬೆರೆಸುತ್ತ ಹೋಗಿ, ಒಂದೆರಡು ವಾರದಲ್ಲಿ ಬರೀ ನೀರಿಗೆ ತಂದರೆ ಮಗುವೇ ಬಿಡುತ್ತದೆ. ಇದು ಮಲಗುವಾಗಿನ ಬಾಟಲಿಗೆ ಮಾತ್ರ, ಅದೂ ಒಂದು ವರ್ಷ ದಾಟಿದ ಮಗುವಿಗೆ. ಹೊಟ್ಟೆ ತುಂಬಿಸುವ ಹಾಲಿಗೆ ನೀರು ಬೆರೆಸಬಾರದು. ಒಂದು ವರ್ಷದ ಸುಮಾರಿಗೆ ಲೋಟದ ಅಭ್ಯಾಸ ಮಾಡಿಸಿ. ಚೀಪುವ ನಿಪ್ಪಲ್ಲಿಗೆ ಜೇನು ಹಚ್ಚುವುದಂತೂ ಬೇಡವೇ ಬೇಡ, ವರ್ಷದೊಳಗಿನ ಕೂಸಿಗೆ ಜೇನು ಹಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ. ಪದೇ ಪದೇ ಸಿಹಿ ಸಿರಪ್ ಕುಡಿಯುವ ಮಗುವಿಗೆ ಸಕ್ಕರೆ ಇಲ್ಲದ ಔಷಧ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಉಬ್ಬಸಕ್ಕೆ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಲು ಶುರು ಮಾಡಬೇಕು. ಮೂರು ವರ್ಷದವರೆಗೆ ಪೇಸ್ಟು ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಪೇಸ್ಟು ಹಾಕುವುದು ಪೇಸ್ಟು ಬೇಗ ಖಾಲಿಯಾಗಲಿ ಎಂದು. ಕೊಳ್ಳುವಾಗ ಟ್ಯೂಬಿನ ಹಿಂದೆ ಫ್ಲೋರೈಡ್ ಎಷ್ಟೆಂದು ಓದಿ. ಕನಿಷ್ಠ 1000 ಪಿಪಿಎಂ, ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು, ಇರಬೇಕು. ಮಕ್ಕಳ ಪೇಸ್ಟು ಎಂದು ಬಣ್ಣದ ಚಿತ್ರ ಹಾಕಿರುವ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ, ಅಂಥದ್ದರಿಂದ ಉಜ್ಜಿದರೆ ಬಾಯಿ ಘಮಘಮ ಎನ್ನುತ್ತದೆ, ಅಷ್ಟೇ. ಮಗು ಪೇಸ್ಟು ನುಂಗಿಬಿಡುತ್ತದಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡ್ ಅತಿಯಾಗಿ ಹೊಟ್ಟೆಗೆ ಹೋದರೆ ಮುಂದೆ ಬರುವ ಹಲ್ಲಿನ ಮೇಲೆ ಮಚ್ಚೆ ಬೀಳುತ್ತದೆ. ಆ ಅಕ್ಕಿ ಕಾಳಿನ ಲೆಕ್ಕ ಇರುವುದೇ ಅದಕ್ಕೆ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ, ಎಂದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ, ದಂತವೈದ್ಯರನ್ನು ಕೇಳಿಯೇ ಪೇಸ್ಟು ಆರಿಸಿ.

ಉಜ್ಜಿಸುವುದು ಹೇಗೆ? ಮಗುವಿನ ಎದುರು ನಿಂತರೆ ಏನೂ ಕಾಣುವುದಿಲ್ಲ, ಮಗು ತಲೆ ಹಿಂದೆ ಎಳೆದುಕೊಳ್ಳುತ್ತದೆ. ಹಿಂದೆ ನಿಂತು ಅದರ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ, ತೀರಾ ಸಣ್ಣದಾದರೆ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿ. ಎಡಗೈ ಬೆರಳಿನಿಂದ ಕೆನ್ನೆ ಸರಿಸಿ, ಬಲಗೈಯಿಂದ ಉಜ್ಜಿ. ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕೇ ಬೇಕು. ಶೂ ಲೇಸನ್ನು ತಾನೇ ನೀಟಾಗಿ ಕಟ್ಟಲಾಗದ ಕೈಗೆ ಹಿಂದಿನ ಹಲ್ಲು ಉಜ್ಜುವ ಚಳಕವೂ ಬಂದಿರುವುದಿಲ್ಲ. ಬೆಳಿಗ್ಗೆ ಬೇಕಾದರೆ ಮಗುವೇ ಉಜ್ಜಲಿ, ರಾತ್ರಿಯದು ನಿಮ್ಮ ಪಾಲು. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಆರು ವರ್ಷದ ಸುಮಾರಿಗೆ ಒಂದು ವಿಷಯ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಎಲ್ಲ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಮೇಲೆರಡು, ಕೆಳಗೆರಡು ಹುಟ್ಟುತ್ತವೆ. ಏನೂ ಬಿದ್ದಿಲ್ಲವಾದ್ದರಿಂದ ಇದೂ ಹಾಲು ಹಲ್ಲು, ಹೋದರೆ ಇನ್ನೊಂದು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ, ಅದು ಬದುಕಿಡೀ ಬಾಳಬೇಕಾದ ಹಲ್ಲು. ಪೂರ್ತಿ ಮೇಲೇರಲು ತಿಂಗಳುಗಳು ಬೇಕು. ಅಷ್ಟರವರೆಗೆ ಅದು ಪಕ್ಕದ ಹಲ್ಲಿಗಿಂತ ಗಿಡ್ಡ, ನೇರವಾಗಿ ಹಿಡಿದ ಬ್ರಷ್ಷು ಅದನ್ನು ಮುಟ್ಟದೆ ಮೇಲೇ ಜಾರಿಹೋಗುತ್ತದೆ. ಬ್ರಷ್ಷನ್ನು ಬಾಯಿಯ ಮೂಲೆಯಿಂದ ಅಡ್ಡಡ್ಡವಾಗಿ ತೂರಿಸಿ ಅದೊಂದನ್ನೇ ಬೇರೆಯಾಗಿ ಉಜ್ಜಬೇಕು. ಅದರ ಮೇಲ್ಮೈಯ ಗೀರುಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಒಂದು ಎಳೆಯೂ ಒಳಗೆ ಹೋಗದು. ಅವನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ತುಂಬಿಸಿಬಿಡಬಹುದು. ಕೊರೆಯುವುದಿಲ್ಲ, ನೋಯುವುದಿಲ್ಲ. ಹನ್ನೆರಡರ ಹೊತ್ತಿಗೆ ಬರುವ ಎರಡನೆಯ ದವಡೆ ಹಲ್ಲಿಗೂ ಹೀಗೇ.

ಇನ್ನು ದೊಡ್ಡವರು. ಬಿರುಸಾಗಿ ಗರಗಸದಂತೆ ಉಜ್ಜಿದರೆ ಹಲ್ಲು ಸ್ವಚ್ಛವಾಗುವುದಿಲ್ಲ, ವಸಡು ಸವೆದು ಬೇರು ಹೊರಬೀಳುತ್ತದೆ. ಮೂರು ತಿಂಗಳಿಗೆ ಮುಂಚೆಯೇ ಬ್ರಷ್ಷಿನ ಎಳೆಗಳು ಕೆದರಿಹೋಗಿದ್ದರೆ ನೀವು ಒತ್ತುವುದು ಹೆಚ್ಚು ಎಂದೇ ಅರ್ಥ. ಮೆತ್ತನೆಯ ಬ್ರಷ್ಷು ತೆಗೆದುಕೊಂಡು, ಪೆನ್ನು ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದು, ಹಲ್ಲು ವಸಡು ಸೇರುವ ಸಂದಿಗೆ ಓರೆಯಾಗಿ ಆನಿಸಿ, ಇದ್ದಲ್ಲೇ ಸಣ್ಣಗೆ ಅಲುಗಿಸಿ. ಎರಡು ನಿಮಿಷ, ದಿನಕ್ಕೆ ಎರಡು ಸಲ. ಮುಗಿದ ಮೇಲೆ ನೊರೆಯನ್ನು ಉಗುಳಿ, ನೀರು ತುಂಬಿಕೊಂಡು ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡನ್ನು ನಾವೇ ತೊಳೆದು ಚೆಲ್ಲುತ್ತೇವೆ. ಮೊದಮೊದಲು ಇರಿಸುಮುರಿಸಾದರೂ ವಾರದಲ್ಲಿ ಅಭ್ಯಾಸವಾಗುತ್ತದೆ. ಇದ್ದಿಲಿನ ಪುಡಿ, ತರಿತರಿಯಾದ ಪುಡಿಗಳು ಬೇಡ. ಹಲ್ಲು ಬೆಳ್ಳಗಾದಂತೆ ಕಂಡರೂ ಸವೆಯುತ್ತಿರುವುದು ಎನಾಮೆಲ್. ಹುಳಿ ಹಣ್ಣು ತಿಂದ ಕೂಡಲೇ ಅಥವಾ ವಾಂತಿಯಾದ ಕೂಡಲೇ ಉಜ್ಜಬೇಡಿ, ಆಗ ಮೇಲ್ಪದರ ಮೆತ್ತಗಾಗಿರುತ್ತದೆ. ಬಸುರಿಯರಿಗೆ ಬೆಳಗಿನ ವಾಂತಿ ಇದ್ದರೆ ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ.

ಎರಡು ಹಲ್ಲಿನ ನಡುವಿನ ಗೋಡೆಗೆ ಯಾವ ಬ್ರಷ್ಷೂ ತಲುಪುವುದಿಲ್ಲ, ಅಲ್ಲಿ ಫ್ಲಾಸ್ ದಾರವೇ ಬೇಕು. ಮೊಳದಷ್ಟು, ಸುಮಾರು 45 ಸೆಂಟಿಮೀಟರ್ ದಾರ ತೆಗೆದು ಎರಡೂ ನಡುಬೆರಳಿಗೆ ಸುತ್ತಿ, ನಡುವೆ ಎರಡು ಬೆರಳಗಲ ಬಿಡಿ. ಸಂದಿಯಲ್ಲಿ ಹಿಂದೆ ಮುಂದೆ ಆಡಿಸುತ್ತ ಇಳಿಸಿ. ಟಕ್ಕೆಂದು ಒತ್ತಿದರೆ ವಸಡು ಕುಯ್ದುಕೊಳ್ಳುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ತಬ್ಬಿಸಿ ಮೇಲೆ ಕೆಳಗೆ ಒರೆಸಿ, ಆಮೇಲೆ ಪಕ್ಕದ ಹಲ್ಲಿಗೆ. ಮೊದಲ ವಾರ ರಕ್ತ ಬಂದರೆ ಬಿಡಬೇಡಿ, ಊದಿದ ವಸಡಿನ ಲಕ್ಷಣ ಅದು. ಎರಡು ವಾರ ಕಳೆದರೂ ನಿಲ್ಲದಿದ್ದರೆ ತೋರಿಸಿ. ಇನ್ನೊಂದು ಮಾತು: ಒಂದೇ ಜಾಗದಲ್ಲಿ ದಾರ ಪ್ರತಿ ಸಲವೂ ಎಳೆಎಳೆಯಾಗಿ ಹರಿಯುತ್ತಿದ್ದರೆ, ಅಥವಾ ದಿನಾ ಅದೇ ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುತ್ತಿದ್ದರೆ, ಅಲ್ಲಿ ಹುಳುಕೋ ಒಡೆದ ಫಿಲ್ಲಿಂಗೋ ಇರಬಹುದು. ಕನ್ನಡಿಗೆ ಕಾಣದ ಆ ಜಾಗ ಎಕ್ಸ್‌ರೇಯಲ್ಲಿ ಕಾಣುತ್ತದೆ.

ವಯಸ್ಸಾದಂತೆ ಹುಳುಕು ಜಾಗ ಬದಲಿಸುತ್ತದೆ. ವಸಡು ಕೆಳಗಿಳಿದು ಬೇರು ಹೊರಗೆ ಕಾಣತೊಡಗಿದರೆ ಅದಕ್ಕೆ ಎನಾಮೆಲ್‌ನ ರಕ್ಷಣೆ ಇಲ್ಲ. ಎನಾಮೆಲ್ ತಡೆದುಕೊಳ್ಳುವಷ್ಟು ಆಮ್ಲವನ್ನೂ ಅದು ತಡೆಯದು. ಅದರ ಮೇಲೆ ರಕ್ತದೊತ್ತಡ, ಖಿನ್ನತೆ, ಅಲರ್ಜಿಗಳಿಗೆ ತೆಗೆದುಕೊಳ್ಳುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಎಷ್ಟೋ ವರ್ಷ ಒಂದೂ ಹುಳುಕಿಲ್ಲದವರ ಬಾಯಲ್ಲಿ ಹೊಸ ಮಾತ್ರೆ ಶುರುವಾದ ಒಂದೆರಡು ವರ್ಷದಲ್ಲಿ ನಾಲ್ಕೈದು ಹಲ್ಲು ಬುಡದಲ್ಲಿ ಕಂದಾಗುವುದು ಹೀಗೇ. ಬಾಯಿ ಒಣಗುತ್ತದೆಂದು ಪೆಪ್ಪರ್‌ಮೆಂಟು ಚೀಪುವುದು, ನಿಂಬೆ ನೀರು ಗುಟುಕರಿಸುವುದು ಬೆಂಕಿಗೆ ತುಪ್ಪ ಹಾಕಿದಂತೆ. ನೀರು ಗುಟುಕರಿಸಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿಯಿರಿ. ಮಾತ್ರೆಯನ್ನು ನೀವೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಇಂಥವರಿಗೆ 5000 ಪಿಪಿಎಂ ಫ್ಲೋರೈಡಿನ ಪೇಸ್ಟನ್ನು ದಂತವೈದ್ಯರು ಬರೆದುಕೊಡುವುದುಂಟು, ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಬಿದ್ದುಹೋಗುವ ಹಾಲು ಹಲ್ಲಿಗೆ ಯಾಕಿಷ್ಟು ಆರೈಕೆ ಎಂದು ಕೇಳುವವರಿಗೆ: ಹಿಂದಿನ ಹಾಲು ದವಡೆ ಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಐದರಲ್ಲೇ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಕೆಳಗಿನಿಂದ ಬರಬೇಕಾದ್ದಕ್ಕೆ ಜಾಗವೇ ಇರುವುದಿಲ್ಲ. ಕೊರೆಯಲು ಬಿಡದ ಪುಟ್ಟ ಮಕ್ಕಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕನ್ನು ತಡೆಯುವ ಉಪಾಯವಿದೆ. ಹಚ್ಚಿದ ಜಾಗ ಕಪ್ಪಾಗಿಯೇ ಉಳಿಯುತ್ತದೆ, ಗಾಬರಿ ಬೇಡ.

ನೋವಿನ ಬಗೆಯನ್ನೂ ಗುರುತಿಸಿ. ತಣ್ಣಗಿನದು ತಾಗಿ ಜುಮ್ಮೆಂದು ಕ್ಷಣದಲ್ಲಿ ಹೋದರೆ ಫಿಲ್ಲಿಂಗಿನಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು. ಬಿಸಿ ತಾಗಿ ನಿಮಿಷಗಟ್ಟಲೆ ಉಳಿಯುವ, ಮಲಗಿದಾಗ ನಾಡಿಯಂತೆ ಬಡಿಯುವ ನೋವಾದರೆ ಹುಳುಕು ನರಕ್ಕೆ ತಲುಪಿದೆ, ರೂಟ್ ಕೆನಾಲೋ ಕೀಳುವುದೋ ಬೇಕಾಗುತ್ತದೆ. ಆ ನೋವು ಇದ್ದಕ್ಕಿದ್ದಂತೆ ನಿಂತರೆ ವಾಸಿಯಾಯಿತು ಎಂದುಕೊಳ್ಳಬೇಡಿ, ನರ ಸತ್ತಿರುತ್ತದೆ, ಬುಡದಲ್ಲಿ ಕೀವು ಕಟ್ಟಲು ಶುರು. ವೈದ್ಯರು ಸಿಗುವವರೆಗೆ ದೊಡ್ಡವರು ಹತ್ತಿಯಲ್ಲಿ ಒಂದು ಹನಿ ಲವಂಗದೆಣ್ಣೆ ಅದ್ದಿ ಗುಂಡಿಗೆ ಮಾತ್ರ ತಾಗಿಸಬಹುದು, ಸಣ್ಣ ಮಕ್ಕಳಿಗೆ ಅದು ಬೇಡ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳಬೇಡಿ, ವಸಡು ಸುಟ್ಟು ಬೆಳ್ಳಗಾಗುತ್ತದೆ. ಜ್ವರ ಬಂದು, ಬಾವು ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹಬ್ಬುತ್ತಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ದಂತವೈದ್ಯರ ಬಾಗಿಲು ತೆರೆಯುವವರೆಗೆ ಕಾಯಬೇಡಿ, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ.