ಐದಾರು ಜನ ಸೇರಿ ಮುಂಬಯಿಯಲ್ಲಿ ಬಿಲ್ಡಿಂಗ್ ಕೊಳ್ಳುವುದಾದರೆ

ಬಿಲ್ಡಿಂಗ್ ಹುಡುಕುವುದು ಆಮೇಲೆ. ದುಡ್ಡು ಹಾಕುವವರು ಯಾರು ಎಂಬುದು ಮೊದಲು ಇತ್ಯರ್ಥವಾಗಲಿ. ನೆಂಟರು, ಹೋಟೆಲ್ ಧಂದೆಯ ಗೆಳೆಯರು ಆದರೆ ಸರಿ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಹಾಕಿ, ಗುರುತಿಲ್ಲದವರಿಂದ ದುಡ್ಡು ಎತ್ತಿ, ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ಲಾಭ ಹಂಚುತ್ತೇವೆ’ ಎಂದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕಣ್ಣಿಗೆ ಅದು ಸಾಮೂಹಿಕ ಹೂಡಿಕೆ ಯೋಜನೆ ಆಗಬಹುದು. ನೋಂದಣಿ ಇಲ್ಲದೆ ಅದನ್ನು ನಡೆಸುವಂತಿಲ್ಲ. 2024ರಲ್ಲಿ ಸಣ್ಣ ರೀಟ್‌ಗಳಿಗೆ (ಹಲವರ ದುಡ್ಡು ಸೇರಿಸಿ ಬಾಡಿಗೆ ಬರುವ ಆಸ್ತಿ ಕೊಳ್ಳುವ ನೋಂದಾಯಿತ ಟ್ರಸ್ಟ್‌ಗಳಿಗೆ) ನಿಯಮ ಬಂದಿದೆ, ನಿಜ. ಆದರೆ ಆಸ್ತಿ ಕನಿಷ್ಠ 50 ಕೋಟಿಯದ್ದು, ಹೂಡಿಕೆದಾರರು ಕಡಿಮೆಯೆಂದರೂ 200 ಜನ, ತಲೆಗೆ ಕಡಿಮೆಯೆಂದರೂ 10 ಲಕ್ಷ. ನಮ್ಮಂಥವರ ಕೈಗೆ ಎಟುಕುವ ಲೆಕ್ಕವಲ್ಲ.

ಖರೀದಿ ಪತ್ರದಲ್ಲಿ ಎಲ್ಲರ ಹೆಸರನ್ನೂ ಸುಮ್ನೆ ಬರೆಸಬೇಡಿ. ಮಗಳ ಮದುವೆಗೆ ದುಡ್ಡು ಬೇಕಾದ ಒಬ್ಬರು ಪಾಲು ಕೇಳಿ ಕೋರ್ಟಿಗೆ ಹೋಗಬಹುದು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿ, ಆಸ್ತಿ ಅದರ ಹೆಸರಲ್ಲಿರುತ್ತದೆ, ಇಬ್ಬರಿದ್ದರೂ ಶುರು ಮಾಡಬಹುದು. ಹೊರಹೋಗುವವರ ಪಾಲು ಮೊದಲು ಯಾರಿಗೆ, ಬೆಲೆ ಕಟ್ಟುವವರು ಯಾರು, ಎಷ್ಟು ತಿಂಗಳಲ್ಲಿ ದುಡ್ಡು, ಒಬ್ಬರು ತೀರಿಕೊಂಡರೆ ಮನೆಯವರಿಗೆ ಏನು ಎಂಬುದೆಲ್ಲ ಒಪ್ಪಂದದಲ್ಲಿರಲಿ. ‘ನಮ್ಮವರೇ ಅಲ್ವಾ’ ಎಂದು ಬಿಟ್ಟ ಸಾಲಿನಿಂದಲೇ ಜಗಳ ಹುಟ್ಟುವುದು.

ಇನ್ನು ಬಿಲ್ಡಿಂಗ್. ಮುಂಬಯಿಯಲ್ಲಿ ಫ್ಲ್ಯಾಟುಗಳು ಬಿಡಿಬಿಡಿಯಾಗಿ ಮಾರಿಹೋಗಿ ಸೊಸೈಟಿ (ಫ್ಲ್ಯಾಟಿನವರ ಸಹಕಾರ ಸಂಘ) ಆಗಿರುವುದೇ ಜಾಸ್ತಿ. ಹಳೇ ಬಿಲ್ಡಿಂಗ್ ಇಡಿಯಾಗಿ ಸಿಗುತ್ತಿದೆ, ರೇಟೂ ಕಡಿಮೆ ಎಂದರೆ ಪಗಡಿ (ಹಿಂದೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು, ಅಲ್ಪ ಬಾಡಿಗೆಗೆ ಕಾಯಂ ಆಗಿ ಉಳಿಯುವ ಹಳೇ ಪದ್ಧತಿ) ಇರಬೇಕೆಂದು ಅನುಮಾನಪಡಿ. ಬಾಡಿಗೆ ರಸೀದಿ ಪುಸ್ತಕ ಕೇಳಿ ತೆರೆದು ನೋಡಿ. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಎಂದಿದ್ದರೆ ಗೊತ್ತಾಯಿತಲ್ಲ! ಅಂಥ ಬಾಡಿಗೆದಾರರಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇದೆ. ಮಾಲೀಕರು ಬದಲಾದರೆಂದು ಅವರನ್ನು ಎಬ್ಬಿಸಲಾಗದು. ಬಾಡಿಗೆ ಏರಿಸುವುದೂ ಸಾಮಾನ್ಯವಾಗಿ ವರ್ಷಕ್ಕೆ ಶೇ 4ರಷ್ಟೇ. ಸೋರುವ ತಾರಸಿಯ ರಿಪೇರಿ ಮಾತ್ರ ನಿಮ್ಮ ತಲೆಗೆ. ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟ್ ಆಸೆಗೆ ಇಂಥದ್ದನ್ನು ಕೊಳ್ಳುವವರಿದ್ದಾರೆ. ಬಾಡಿಗೆ ನೆಚ್ಚಿ ಹೊರಟವರು ಆ ಕಡೆ ತಲೆ ಹಾಕದಿರುವುದೇ ಮೇಲು. ಒಂದೇ ಸೊಸೈಟಿಯಲ್ಲಿ ಮೂರ್ನಾಲ್ಕು ಫ್ಲ್ಯಾಟ್ ಕೊಂಡರೂ ಆಗುತ್ತದೆ.

ವಕೀಲರಿಂದ 30 ವರ್ಷದ ಟೈಟಲ್ ಸರ್ಚ್ (ಆಸ್ತಿ ಯಾರಿಂದ ಯಾರಿಗೆ ಬಂತೆಂಬ ದಾಖಲೆ ಪರಿಶೀಲನೆ) ಮಾಡಿಸಿ, ಓಸಿ (ಪಾಲಿಕೆ ಕೊಡುವ ವಾಸಯೋಗ್ಯತಾ ಪತ್ರ) ನೋಡಿ, ಪತ್ರಿಕೆಯಲ್ಲಿ ಪಬ್ಲಿಕ್ ನೋಟಿಸ್ ಹಾಕಿಸಿ. ತಕರಾರು ಬರುವ ಗಡುವು ಮುಗಿಯುವ ತನಕ ದೊಡ್ಡ ಮೊತ್ತ ಕೈಬಿಡಬೇಡಿ. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇ 6. ಎರಡು ಕೋಟಿಯ ಖರೀದಿಗೆ 12 ಲಕ್ಷ, ನೋಂದಣಿಗೆ 30,000 ರೂಪಾಯಿ ಬೇರೆ. ಇದನ್ನೂ ಮೊದಲೇ ಪಾಲಿಗೆ ಸೇರಿಸಿ. ಹೊಸಬರಿಗೆ ಬಾಡಿಗೆ ಕೊಡುವಾಗ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ನಿಗದಿತ ಅವಧಿಗೆ ಇರಲು ಮಾತ್ರ ಬಿಡುವ ಕರಾರು) ನೋಂದಣಿ ಮಾಡಿಸಲೇಬೇಕು. ಆ ಜವಾಬ್ದಾರಿ ಮಾಲೀಕರದ್ದು.