ಬಯಲಿಗೊಂದು ಆಟ, ಘಾಟಿಗೊಂದು ಆಟ

ಬೆಂಗಳೂರಿನಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಇಳಿಯುವ ಕುಟುಂಬಗಳಿಗೆ ದಾರಿಯಲ್ಲಿ ಎರಡು ತೊಂದರೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಮಕ್ಕಳಿಗೆ ಬೇಸರ, ಮಲೆನಾಡಿನ ತಿರುವುಗಳಲ್ಲಿ ವಾಂತಿ. ಎರಡಕ್ಕೂ ಮೊಬೈಲನ್ನೇ ಮದ್ದು ಮಾಡಿಕೊಂಡವರು ಬಹಳ ಮಂದಿ. ಬೇಸರವನ್ನು ಅದು ಸ್ವಲ್ಪ ಹೊತ್ತು ಓಡಿಸುತ್ತದೆ, ನಿಜ. ವಾಂತಿಯನ್ನು ಮಾತ್ರ ತಾನಾಗಿ ಕರೆದು ತರುತ್ತದೆ. ಹಾಗಾಗಿ ಆಟವನ್ನು ಮಗುವಿನ ವಯಸ್ಸು ನೋಡಿ ಆರಿಸುವ ಮೊದಲು ರಸ್ತೆಯನ್ನು ನೋಡಿ ಆರಿಸಿ.

ಹೊರಡುವ ಮುನ್ನ

ಮೊದಲು ಕೂರುವ ವ್ಯವಸ್ಥೆ. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನವನ್ನು 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಕಡ್ಡಾಯ ಮಾಡಿದೆ; ತಪ್ಪಿದರೆ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನೂ ಸನ್‌ರೂಫ್‌ನಿಂದ ತಲೆ ಹೊರಹಾಕಿ ನಿಲ್ಲಲು ಬಿಡುವುದನ್ನೂ ದಯವಿಟ್ಟು ನಿಲ್ಲಿಸಿ. ಒಂದು ಗಟ್ಟಿ ಬ್ರೇಕ್ ಸಾಕು, ಮಗು ಕೈತಪ್ಪುತ್ತದೆ.

ಪ್ಲಾಸ್ಟಿಕ್ ಕವರ್, ಹಳೆಯ ಟವೆಲ್, ಮಗುವಿಗೊಂದು ಜೊತೆ ಬಟ್ಟೆ, ನೀರು, ಒಂದೆರಡು ನಿಂಬೆಹಣ್ಣು: ಇವಿಷ್ಟು ಕೈಗೆಟುಕುವಲ್ಲಿ ಇರಬೇಕು, ಡಿಕ್ಕಿಯಲ್ಲಿ ಸೂಟ್‌ಕೇಸಿನಡಿ ಅಲ್ಲ. ಬೆಳಗಿನ ತಿಂಡಿ ಇಡ್ಲಿ, ಅವಲಕ್ಕಿಯಂತೆ ಹಗುರವಾಗಿರಲಿ. ಪೂರಿಯಂಥ ಕರಿದ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಪ್ರತಿ ಪ್ರಯಾಣದಲ್ಲೂ ವಾಂತಿ ಮಾಡುವ ಮಗುವಾದರೆ ಮಾತ್ರೆಯ ವಿಷಯವನ್ನು ಮುಂಚಿತವಾಗಿಯೇ ವೈದ್ಯರನ್ನು ಕೇಳಿ, ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಐದು ವರ್ಷದೊಳಗಿನವರಿಗೆ ಕಾರು ಓಡುತ್ತಿರುವಾಗ ಕಡಲೆಕಾಯಿ ಬೀಜ ಕೊಡುವುದೂ ಸರಿಯಲ್ಲ. ಒಂದು ಕುಲುಕಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬಯಲಿನ ದಾರಿಯಲ್ಲಿ

ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಹೀಗೆ ಸಾಗುವ ರಸ್ತೆಯಲ್ಲಿ ತಿರುವು ಕಡಿಮೆ, ವಾಹನ ಹೆಚ್ಚು. ನಂಬರ್ ಪ್ಲೇಟಿನ ಆಟಕ್ಕೆ ಇದೇ ಜಾಗ. ಕೆಎ 14 ಶಿವಮೊಗ್ಗ, 15 ಸಾಗರ, 17 ದಾವಣಗೆರೆ, 18 ಚಿಕ್ಕಮಗಳೂರು, 19 ಮಂಗಳೂರು, 20 ಉಡುಪಿ, 66 ತರೀಕೆರೆ. ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮೊದಲು ಕಂಡು ಊರಿನ ಹೆಸರು ಕೂಗಿದವರಿಗೆ ಒಂದು ಅಂಕ ಕೊಡಿ. ಹೊರರಾಜ್ಯದ ಗಾಡಿಗೆ ಐದು. ಓದಲು ಬಾರದ ಚಿಕ್ಕವರಿಗೆ ಬಣ್ಣದ ಲೆಕ್ಕ ಸಾಕು: ಕೆಂಪು ಬಸ್ ಎಷ್ಟು, ಹಳದಿ ಲಾರಿ ಎಷ್ಟು. ಆಟ ಹಳಸಿತೆನ್ನಿಸಿದರೆ ಬಲವಂತ ಮಾಡದೆ ನಿಲ್ಲಿಸಿಬಿಡಿ.

ತರೀಕೆರೆ ಹತ್ತಿರವಾದಾಗ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು’ ಎಂಬುದನ್ನು ಉಸಿರು ಬಿಡದೆ ಹೇಳಿಸಿ. ಆ ಊರಿನ ಫಲಕ ಕಣ್ಣೆದುರು ಬಂದಾಗ ಹೇಳುವ ಖುಷಿಯೇ ಬೇರೆ. ಅಜ್ಜ ಅಜ್ಜಿ ಜೊತೆಗಿದ್ದರೆ ಒಗಟುಗಳನ್ನು ಅವರಿಗೆ ಬಿಟ್ಟುಕೊಡಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ. ಇಷ್ಟು ಸುಲಭದ್ದರಿಂದ ಶುರುಮಾಡಿದರೆ ಮಕ್ಕಳು ತಾವೇ ಕಟ್ಟತೊಡಗುತ್ತಾರೆ. ಅವರು ಕಟ್ಟಿದ ಒಗಟಿಗೆ ತಲೆಬುಡ ಇಲ್ಲದಿದ್ದರೂ ಉತ್ತರ ಹುಡುಕಿ. ಭದ್ರಾವತಿಯಲ್ಲಿ ಭದ್ರೆ, ಶಿವಮೊಗ್ಗದಲ್ಲಿ ತುಂಗೆ. ಎರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ ಎಂಬುದನ್ನು ಸೇತುವೆ ದಾಟುವಾಗಲೇ ಹೇಳಿ. ನೀರು ಕಣ್ಣಿಗೆ ಕಂಡಾಗ ಕೇಳಿದ್ದು ಮರೆಯುವುದಿಲ್ಲ.

ಶಿವಮೊಗ್ಗ ದಾಟಿದ ಮೇಲೆ

ಇಲ್ಲಿಂದ ಓದುವ, ಬರೆಯುವ, ಬಣ್ಣ ಹಚ್ಚುವ ಆಟಗಳನ್ನೆಲ್ಲ ಚೀಲಕ್ಕೆ ಸೇರಿಸಿ. ಮೊಬೈಲೂ ಅದರೊಳಗೆ ಹೋಗಲಿ. ಕಾಡಿನ ನಡುವೆ ಸಿಗ್ನಲ್ ಹೇಗೂ ಬಂದು ಹೋಗಿ ಮಾಡುತ್ತದೆ. ಕಾರಣ ಇಷ್ಟೆ: ತಿರುವಿನಲ್ಲಿ ಒಳಗಿವಿ ‘ದೇಹ ಓಲಾಡುತ್ತಿದೆ’ ಎನ್ನುತ್ತದೆ, ಪರದೆಯಲ್ಲಿ ನೆಟ್ಟ ಕಣ್ಣು ‘ಎಲ್ಲವೂ ನಿಂತಲ್ಲೇ ಇದೆ’ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದರ ಕಾಟ ಹೆಚ್ಚು. ಕಣ್ಣು ದೂರದ ರಸ್ತೆಯ ಮೇಲಿದ್ದರೆ ಜಗಳ ಅರ್ಧ ತೀರಿದಂತೆ. ಕಿಟಕಿ ಸ್ವಲ್ಪ ಇಳಿಸಿ, ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಲು ಕೊಡಿ.

ಸಕ್ರೆಬೈಲು ಆನೆ ಬಿಡಾರ ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್. ಆನೆಗಳು ನೀರಿಗಿಳಿಯುವುದು ಬೆಳಗಿನ ಹೊತ್ತು, ಹೊರಡುವ ಸಮಯವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮುಂದೆ ಮಂಡಗದ್ದೆಯಲ್ಲಿ ಮಳೆಗಾಲವಾದರೆ ತುಂಗೆಯ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಬೇಸಿಗೆ ರಜೆಯಲ್ಲಿ ಹೋಗುವವರು ಇದಕ್ಕಾಗಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಬದಲಿಗೆ ಹೊಳೆ ಎಡಗಡೆ ಕಿಟಕಿಯಲ್ಲಿ ಕಂಡಿತೋ ಬಲಗಡೆಯೋ ಎಂದು ಹುಡುಕಿಸಿ. ತೀರ್ಥಹಳ್ಳಿಯಲ್ಲಿ ಇಳಿದು ಕಾಲಾಡಿಸಿ. ಘಾಟಿಯ ಮೊದಲು ಹೊಟ್ಟೆ ಬಿರಿಯುವಂತೆ ಊಟ ಮಾತ್ರ ಬೇಡ.

ಆಗುಂಬೆ ಘಾಟಿಯಲ್ಲಿ

ಇಳಿಯುವ ಮೊದಲು ಆಗುಂಬೆಯಲ್ಲಿ ಐದು ನಿಮಿಷ ನಿಲ್ಲಿ. ಈ ಕಡೆ ಬಿದ್ದ ಮಳೆ ತುಂಗೆಯನ್ನು ಸೇರಿ, ಕೃಷ್ಣೆಯ ಪಾಲಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ; ಆ ಕಡೆ ಬಿದ್ದದ್ದು ಸೀತಾನದಿಯಾಗಿ ಅರಬ್ಬಿ ಸಮುದ್ರಕ್ಕೆ. ಬಾಟಲಿಯ ನೀರು ನಾಲ್ಕು ಹನಿ ಚೆಲ್ಲಿ ತೋರಿಸಿದರೆ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಘಾಟಿಯಲ್ಲಿ ಕೂದಲುಪಿನ್ನಿನಂತೆ ಮಡಚಿಕೊಂಡ ತಿರುವುಗಳು 14. ಕಾಗುಣಿತದಲ್ಲಿ ‘ಕ’ದಿಂದ ‘ಕಂ’ವರೆಗೂ ಅಕ್ಷರಗಳು 14. ನನಗೆ ತಿಳಿದಂತೆ ಈ ಇಳಿಜಾರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ತಿರುವು ಬರುವುದನ್ನು ಮಕ್ಕಳು ಮುಂದಿನ ಗಾಜಿನಲ್ಲಿ ನೋಡಿ ‘ಬಂತು’ ಎನ್ನಬೇಕು. ತಿರುಗಿ ಮುಗಿಯುವುದರೊಳಗೆ ಆ ಅಕ್ಷರದ ಪದ ಹೇಳಬೇಕು. ಮೊದಲ ತಿರುವಿಗೆ ಕಪ್ಪೆ, ಎರಡನೆಯದಕ್ಕೆ ಕಾಡು, ಆಮೇಲೆ ಕಿವಿ, ಕೀಟ, ಕುರಿ, ಕೂಸು. ಏಳನೆಯದು ‘ಕೃ’, ಅಲ್ಲಿ ದೊಡ್ಡವರೂ ತಡವರಿಸುತ್ತಾರೆ. ಕೃಷಿ ಎನ್ನಬಹುದು. ‘ಕೋ’ ಬರುವ ಹೊತ್ತಿಗೆ ತಡೆಗೋಡೆಯ ಮೇಲೆ ಕೋತಿ ಕೂತಿದ್ದರೂ ಇರಬಹುದು. ಹೆಸರು ಹೇಳಿ ಸಾಕು, ತಿಂಡಿ ಎಸೆಯಬೇಡಿ, ಕಿಟಕಿ ಏರಿಸಿಕೊಳ್ಳಿ. ‘ಕೌ’ಗೆ ಕೌದಿ, ‘ಕಂ’ಗೆ ಕಂಬಳಿ. ಎಣಿಸುವ ಭರದಲ್ಲಿ ಕಣ್ಣು ರಸ್ತೆ ಬಿಟ್ಟು ಕದಲುವುದಿಲ್ಲ, ಬೇಕಾದದ್ದೂ ಅದೇ. ಮುಂದಿನ ಸಲ ‘ಮ’ ಕಾಗುಣಿತ ಹಿಡಿಯಬಹುದು.

ಈ ಆಟದಲ್ಲಿ ಚಾಲಕರು ಸೇರಬಾರದು, ಅವರನ್ನು ತೀರ್ಪು ಕೇಳಲೂಬಾರದು. ಮಂಜು ಕವಿದಿದ್ದರೆ, ಮಳೆ ಜೋರಾಗಿದ್ದರೆ ಆಟವೇ ಬೇಡ. ಮಗು ಮಾತು ನಿಲ್ಲಿಸಿ ಮುಖ ಬಿಳಿಚಿಕೊಂಡು ಮೇಲಿಂದ ಮೇಲೆ ಉಗುಳು ನುಂಗುತ್ತಿದ್ದರೆ ಕವರ್ ಕೈಗೆ ಕೊಟ್ಟು, ತಿರುವು ದಾಟಿ ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ. ಬೈಯಬೇಡಿ. ಬಾಯಿ ಮುಕ್ಕಳಿಸಿ ಗುಟುಕು ಗುಟುಕಾಗಿ ನೀರು ಕುಡಿಸಿ.

ಘಾಟಿ ಇಳಿದು ಸೋಮೇಶ್ವರ ಮುಟ್ಟಿದರೆ ಸೆಖೆ ಶುರು. ಸ್ವೆಟರ್ ತೆಗೆಸಿ, ಮಕ್ಕಳನ್ನು ಇಳಿಸಿ ಹತ್ತು ನಿಮಿಷ ಓಡಾಡಲು ಬಿಡಿ. ಹೆಬ್ರಿಯಿಂದ ಉಡುಪಿಗೆ ಇನ್ನು ಮುಕ್ಕಾಲು ಗಂಟೆಯ ದಾರಿ. ನಿದ್ದೆ ಹೋದವರನ್ನು ಎಬ್ಬಿಸಬೇಡಿ, ಎಚ್ಚರವಿದ್ದವರು ಕೇಳಿದರೆ ಒಂದು ಕಥೆಯ ಧ್ವನಿಮುದ್ರಿಕೆ ಹಾಕಿ ಕೊಡಿ.